ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್: ಪಾರ್ಟಿಷನ್ ದೋಷಗಳ ಪತ್ತೆ ಮತ್ತು ನಿವಾರಣೆ

ವಿಂಡೋಸ್ ಇರುವ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಭಾಗ ಮಾಡಿ, ಪಕ್ಕದಲ್ಲೇ ಉಬುಂಟುವನ್ನೋ ಬೇರೊಂದು ಲಿನಕ್ಸನ್ನೋ ಹಾಕಿಕೊಂಡವರಿಗೆ ಎದುರಾಗುವ ದೋಷಗಳು ನೋಡಲು ಹಲವು ಬಗೆಯವು. ಆದರೆ ಅವು ಹುಟ್ಟುವ ಜಾಗಗಳು ಕೆಲವೇ. ಪವರ್ ಗುಂಡಿ ಒತ್ತಿದ ಕೂಡಲೇ ಮದರ್‌ಬೋರ್ಡಿನ ಫರ್ಮ್‌ವೇರ್ (ಬಯೋಸ್ ಎಂದು ರೂಢಿಯಲ್ಲಿ ಕರೆಯುವ ಆರಂಭಿಕ ತಂತ್ರಾಂಶ) ಎಚ್ಚರಗೊಂಡು ಡಿಸ್ಕಿನ ಪಾರ್ಟಿಷನ್ ಟೇಬಲನ್ನು (ಯಾವ ಭಾಗ ಎಲ್ಲಿದೆ ಎಂಬ ಪಟ್ಟಿ) ಓದುತ್ತದೆ, ಬೂಟ್ ಕಡತಗಳಿಗೆಂದೇ ಇರುವ ಚಿಕ್ಕ ಇಎಫ್‌ಐ ಪಾರ್ಟಿಷನ್ನಿನಲ್ಲಿರುವ ಬೂಟ್‌ಲೋಡರನ್ನು ಓಡಿಸುತ್ತದೆ, ಬೂಟ್‌ಲೋಡರು ವ್ಯವಸ್ಥೆಯ ತಿರುಳಾದ ಕರ್ನಲನ್ನು ಎತ್ತಿಕೊಡುತ್ತದೆ, ಕರ್ನಲು ವ್ಯವಸ್ಥೆಯ ಕಡತಗಳಿರುವ ತನ್ನ ರೂಟ್ ಪಾರ್ಟಿಷನ್ನನ್ನು ಹುಡುಕಿಕೊಂಡು ಹೋಗುತ್ತದೆ. ಈ ಸರಪಳಿಯ ಯಾವ ಕೊಂಡಿ ಕಳಚಿದೆ ಎಂಬುದನ್ನು ಪರದೆಯ ಮೇಲೆ ಕಾಣುವ ಸಂದೇಶದಿಂದಲೇ ಬಹುಪಾಲು ಹೇಳಬಹುದು. ಕೊಂಡಿ ಯಾವುದೆಂದು ತಿಳಿಯುವ ಮೊದಲೇ ಮಾಡುವ ರಿಪೇರಿಯೇ ಕಡತಗಳನ್ನು ಕಳೆಯುವುದು, ಮೂಲ ದೋಷವಲ್ಲ. ನಾನು ನೋಡಿದ ಯಂತ್ರಗಳ ಪೈಕಿ ಬೂಟ್ ಆಗದೆ ನಿಂತವುಗಳಲ್ಲಿ ಹೆಚ್ಚಿನವುಗಳ ಒಳಗೆ ಎಲ್ಲ ಕಡತಗಳೂ ಇದ್ದಲ್ಲೇ ಇದ್ದವು. ಗಾಬರಿಯಿಂದ ಫಾರ್ಮ್ಯಾಟ್ ಹೊಡೆದವರು ಮಾತ್ರ ಅವುಗಳನ್ನು ಕಳೆದುಕೊಂಡರು.

ಇಲ್ಲಿ ಹೇಳಿರುವುದು ಮುಖ್ಯವಾಗಿ ವಿಂಡೋಸ್ 10 ಅಥವಾ 11 ಮತ್ತು ಉಬುಂಟು ಜೊತೆಯಾಗಿರುವ ಯಂತ್ರಗಳಿಗೆ ಅನ್ವಯಿಸುತ್ತದೆ. ಡೆಬಿಯನ್, ಫೆಡೋರಾ, ಮಿಂಟ್ ಬಳಸುವವರಿಗೂ ತತ್ತ್ವ ಒಂದೇ, ಕೆಲವು ಆಜ್ಞೆಗಳ ಹೆಸರು ಮಾತ್ರ ಬೇರೆ. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದರೂ ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು.

ಮುಟ್ಟುವ ಮೊದಲು

ಎರಡು ಪೆನ್‌ಡ್ರೈವ್ ಸಿದ್ಧವಿರಲಿ: ಒಂದರಲ್ಲಿ ಉಬುಂಟು ಲೈವ್, ಇನ್ನೊಂದರಲ್ಲಿ ವಿಂಡೋಸ್ ಇನ್‌ಸ್ಟಾಲರ್. ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ‘ಟ್ರೈ ಉಬುಂಟು’ ಎಂಬುದನ್ನು ಆರಿಸಿದರೆ ಡಿಸ್ಕಿಗೆ ಏನನ್ನೂ ಬರೆಯದೆ ಒಳಗನ್ನು ನೋಡಬಹುದು. ಅಲ್ಲಿ ಮೊದಲು ಮಾಡಬೇಕಾದದ್ದು ಈಗಿರುವ ಪಾರ್ಟಿಷನ್ ಟೇಬಲಿನ ಪ್ರತಿ ತೆಗೆಯುವುದು. ‘ಎಸ್‌ಎಫ್‌ಡಿಸ್ಕ್’ ಆಜ್ಞೆಗೆ ‘ಡಂಪ್’ ಆಯ್ಕೆ ಕೊಟ್ಟರೆ, ಯಾವ ಭಾಗ ಯಾವ ಸೆಕ್ಟರಿನಲ್ಲಿ (ಡಿಸ್ಕನ್ನು ಅಳೆಯುವ ಅತಿ ಚಿಕ್ಕ ತುಣುಕು) ಶುರುವಾಗಿ ಎಷ್ಟು ದೂರ ಹರಡಿದೆ ಎಂಬ ಪಟ್ಟಿ ಸಾದಾ ಪಠ್ಯವಾಗಿ ಸಿಗುತ್ತದೆ. ಅದನ್ನು ಬೇರೊಂದು ಪೆನ್‌ಡ್ರೈವಿಗೆ ಉಳಿಸಿ, ಸಾಧ್ಯವಾದರೆ ಮೊಬೈಲಿನಲ್ಲಿ ಪರದೆಯ ಚಿತ್ರವನ್ನೂ ತೆಗೆದಿಡಿ. ಕೆಲವೇ ಸಾಲುಗಳ ಈ ಪಟ್ಟಿ ಕೈಯಲ್ಲಿದ್ದರೆ ಮುಂದೆ ಪಾರ್ಟಿಷನ್ ಟೇಬಲು ಕೆಟ್ಟರೂ ಅದನ್ನು ಮರಳಿ ಕಟ್ಟಬಹುದು.

ಎರಡನೆಯದು ಡಿಸ್ಕಿನ ಆರೋಗ್ಯ. ‘ಡಿಸ್ಕ್ಸ್’ ಎಂಬ ಚಿತ್ರಾತ್ಮಕ ತಂತ್ರಾಂಶದಲ್ಲಿ ‘ಸ್ಮಾರ್ಟ್’ ಮಾಹಿತಿ ತೆರೆದು, ಹಾರ್ಡ್ ಡಿಸ್ಕಾದರೆ 5ನೇ ಕ್ರಮಾಂಕದ ‘ರೀಅಲೊಕೇಟೆಡ್ ಸೆಕ್ಟರ್’ ಮತ್ತು 197ನೇ ಕ್ರಮಾಂಕದ ‘ಪೆಂಡಿಂಗ್ ಸೆಕ್ಟರ್’ ಸಾಲುಗಳನ್ನು ನೋಡಿ. ಪೆಂಡಿಂಗ್ ಸೆಕ್ಟರ್ ಸೊನ್ನೆಗಿಂತ ಹೆಚ್ಚಿದ್ದರೆ ಪಾರ್ಟಿಷನ್ನಿನ ಅಳತೆ ಬದಲಿಸುವ ಕೆಲಸಕ್ಕೆ ಕೈ ಹಾಕಲೇಬಾರದು. ಅಳತೆ ಬದಲಿಸುವಾಗ ಸಾವಿರಾರು ಕಡತಗಳ ತುಣುಕುಗಳು ಜಾಗ ಬದಲಿಸುತ್ತವೆ, ನಡುವೆ ಒಂದು ಸೆಕ್ಟರ್ ಓದಲು ಬಾರದೆ ಕೆಲಸ ಅರ್ಧಕ್ಕೆ ನಿಂತರೆ ಎರಡೂ ವ್ಯವಸ್ಥೆಗಳು ಒಟ್ಟಿಗೆ ಕೆಡುತ್ತವೆ. ಅಂಥ ಡಿಸ್ಕಿನಲ್ಲಿ ‘ಡಿಡಿರೆಸ್ಕ್ಯೂ’ ಬಳಸಿ ಇಡೀ ಡಿಸ್ಕನ್ನು ಹೊಸದಕ್ಕೆ ನಕಲು ಮಾಡಿಕೊಂಡು, ಮುಂದಿನ ಕೆಲಸವನ್ನು ನಕಲಿನ ಮೇಲೆಯೇ ಮಾಡಬೇಕು.

ಮೂರನೆಯದು ಬಿಟ್‌ಲಾಕರ್, ಅಂದರೆ ಡ್ರೈವನ್ನು ಗೂಢಲಿಪಿಯಲ್ಲಿ ಬೀಗ ಹಾಕಿಡುವ ವಿಂಡೋಸಿನ ಸೌಲಭ್ಯ. ಈಚಿನ ಲ್ಯಾಪ್‌ಟಾಪುಗಳಲ್ಲಿ ಬಳಕೆದಾರರ ಗಮನಕ್ಕೆ ಬಾರದೆಯೇ ಸಿ ಡ್ರೈವ್ ಗೂಢಲಿಪೀಕರಣಗೊಂಡಿರುತ್ತದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದ ಇನ್ನೂ ಹೆಚ್ಚು ಯಂತ್ರಗಳಲ್ಲಿ ಇದು ತಾನಾಗಿಯೇ ಚಾಲೂ ಆಗುತ್ತದೆ. ಬೂಟ್ ಕ್ರಮವನ್ನೋ ಸೆಕ್ಯೂರ್ ಬೂಟ್ (ಸಹಿ ಇರುವ ಬೂಟ್‌ಲೋಡರನ್ನು ಮಾತ್ರ ಓಡಲು ಬಿಡುವ ಫರ್ಮ್‌ವೇರಿನ ಕಾವಲು) ಸ್ಥಿತಿಯನ್ನೋ ಬದಲಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳುವ ಸಾಧ್ಯತೆ ಬಹಳ. ಆ ಕೀ ಇಲ್ಲದೆ ಒಳಗಿನ ಕಡತಗಳನ್ನು ಯಾರೂ ತೆರೆದುಕೊಡಲಾರರು. ಆದ್ದರಿಂದ ಮೈಕ್ರೋಸಾಫ್ಟ್ ಖಾತೆಯಿಂದ ಆ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡ ನಂತರವೇ ಬಯೋಸ್ ಒಳಗೆ ಹೋಗಬೇಕು. ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ‘ಸಸ್ಪೆಂಡ್’ ಮಾಡಿಡಿ.

ಇನ್‌ಸ್ಟಾಲ್ ಮಾಡುವಾಗಲೇ ಬರುವ ದೋಷಗಳು

ಡಿಸ್ಕಿನಲ್ಲಿ 200 ಜಿಬಿ ಖಾಲಿ ಇದ್ದರೂ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ಸಿ ಡ್ರೈವನ್ನು ಕೆಲವೇ ಜಿಬಿಗಳಷ್ಟು ಮಾತ್ರ ಕುಗ್ಗಿಸಲು ಒಪ್ಪುವುದು ಸಾಮಾನ್ಯ ದೂರು. ಪೇಜ್ ಫೈಲ್, ಹೈಬರ್ನೇಷನ್ ಕಡತ, ಸಿಸ್ಟಮ್ ರಿಸ್ಟೋರಿನ ಪ್ರತಿಗಳು ಇವನ್ನೆಲ್ಲ ವಿಂಡೋಸ್ ಚಾಲನೆಯಲ್ಲಿರುವಾಗ ಜಾಗ ಬಿಟ್ಟು ಸರಿಸುವುದಿಲ್ಲ. ಇವುಗಳಲ್ಲಿ ಒಂದು ಡ್ರೈವಿನ ತುದಿಯಲ್ಲಿ ಕುಳಿತಿದ್ದರೂ ಅದರಾಚೆಗಿನ ಜಾಗ ಮಾತ್ರ ಕುಗ್ಗಿಸಲು ಸಿಗುತ್ತದೆ. ಅಡ್ಡ ಕುಳಿತಿರುವ ಕಡತ ಯಾವುದೆಂದು ಊಹಿಸುವ ಅಗತ್ಯವಿಲ್ಲ. ಒಮ್ಮೆ ಕುಗ್ಗಿಸಲು ಪ್ರಯತ್ನಿಸಿದ ಬಳಿಕ ಇವೆಂಟ್ ವ್ಯೂವರಿನ ‘ಅಪ್ಲಿಕೇಷನ್’ ದಾಖಲೆಯಲ್ಲಿ 259ನೇ ಸಂಖ್ಯೆಯ ನಮೂದನ್ನು ಹುಡುಕಿದರೆ ಆ ಕಡತದ ಹೆಸರನ್ನೇ ವಿಂಡೋಸ್ ಅಲ್ಲಿ ಬರೆದಿಟ್ಟಿರುತ್ತದೆ. ಹೈಬರ್ನೇಷನ್ ಆಗಿದ್ದರೆ ಅದನ್ನು ನಿಲ್ಲಿಸಿ, ಪೇಜ್ ಫೈಲ್ ಆಗಿದ್ದರೆ ಅದನ್ನು ತಾತ್ಕಾಲಿಕವಾಗಿ ತೆಗೆದು, ಯಂತ್ರವನ್ನು ಮರುಚಾಲನೆ ಮಾಡಿ ಮತ್ತೆ ಕುಗ್ಗಿಸಿ. ಸಿ ಡ್ರೈವನ್ನು ಲಿನಕ್ಸ್ ಕಡೆಯಿಂದ ಕುಗ್ಗಿಸುವುದಕ್ಕಿಂತ ವಿಂಡೋಸಿನ ಕೈಯಲ್ಲೇ ಕುಗ್ಗಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ: ಸಿ ಡ್ರೈವಿನ ಫೈಲ್‌ಸಿಸ್ಟಮ್ ಆದ ಎನ್‌ಟಿಎಫ್‌ಎಸ್ ಅದರ ಮನೆಯ ವ್ಯವಹಾರ.

ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯೋಸಿನಲ್ಲಿ ಸ್ಟೋರೇಜ್ ನಿಯಂತ್ರಕವು ರೇಡ್ ಅಥವಾ ಇಂಟೆಲ್ ಆರ್‌ಎಸ್‌ಟಿ ಸ್ಥಿತಿಯಲ್ಲಿದೆಯೇ ಎಂದು ನೋಡಿ. ಅದನ್ನು ಎಎಚ್‌ಸಿಐಗೆ ಬದಲಿಸಿದರೆ ಡಿಸ್ಕ್ ಕಾಣುತ್ತದೆ, ಆದರೆ ನೇರವಾಗಿ ಬದಲಿಸಿದರೆ ವಿಂಡೋಸ್ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ತೋರಿಸಿ ನಿಲ್ಲುತ್ತದೆ. ಮೊದಲು ‘ಎಂಎಸ್‌ಕಾನ್ಫಿಗ್’ ತೆರೆದು ಮುಂದಿನ ಬೂಟ್ ಸೇಫ್ ಮೋಡಿನಲ್ಲಿ ಆಗುವಂತೆ ಗುರುತು ಹಾಕಿ, ಮರುಚಾಲನೆಯ ನಡುವೆ ಬಯೋಸಿನಲ್ಲಿ ಎಎಚ್‌ಸಿಐ ಆರಿಸಿ, ಸೇಫ್ ಮೋಡಿನಲ್ಲಿ ವಿಂಡೋಸ್ ಒಮ್ಮೆ ತೆರೆದ ಬಳಿಕ ಆ ಗುರುತನ್ನು ತೆಗೆಯಬೇಕು. ಸೇಫ್ ಮೋಡಿನಲ್ಲಿ ತೆರೆದಾಗ ವಿಂಡೋಸ್ ತನಗೆ ಬೇಕಾದ ಚಾಲಕವನ್ನು ಎತ್ತಿಕೊಳ್ಳುತ್ತದೆ.

ಡಿಸ್ಕ್ ಕಾಣುತ್ತದೆ, ಖಾಲಿ ಜಾಗವೂ ಕಾಣುತ್ತದೆ, ಆದರೆ ಅದರ ಮುಂದೆ ‘ಅನ್‌ಯೂಸಬಲ್’ ಎಂದು ಬರುತ್ತದೆ: ಇದು ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಟೇಬಲ್ ಪದ್ಧತಿಯ ಡಿಸ್ಕುಗಳ ಲಕ್ಷಣ. 1983ರ ಪಿಸಿ ಡಾಸ್ 2.0 ಕಾಲದಿಂದ ಬಂದ ಈ ಪದ್ಧತಿಯಲ್ಲಿ ಇಡೀ ಪಾರ್ಟಿಷನ್ ಟೇಬಲು ಮೊದಲ ಸೆಕ್ಟರಿನ 512 ಬೈಟುಗಳ ಒಳಗೆ 64 ಬೈಟುಗಳಲ್ಲಿ ಅಡಗಿ ಕೂರಬೇಕು. ಒಂದೊಂದು ನಮೂದಿಗೆ 16 ಬೈಟು, ಆದ್ದರಿಂದ ನಾಲ್ಕೇ ಪ್ರೈಮರಿ ಪಾರ್ಟಿಷನ್. ಕಂಪನಿಯಿಂದ ವಿಂಡೋಸ್ 7 ಹಾಕಿಸಿಕೊಂಡು ಬಂದ ಅನೇಕ ಲ್ಯಾಪ್‌ಟಾಪುಗಳಲ್ಲಿ ಸಿಸ್ಟಮ್, ಸಿ, ರಿಕವರಿ, ತಯಾರಕರ ಉಪಕರಣಗಳು ಎಂದು ನಾಲ್ಕೂ ಸ್ಥಾನಗಳು ಮೊದಲೇ ತುಂಬಿರುತ್ತಿದ್ದವು. ಐದನೆಯದಕ್ಕೆ ಜಾಗವಿದೆ, ಬರೆಯಲು ಸಾಲಿಲ್ಲ.

ಇಲ್ಲಿ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಒಂದು ಕಂದಕವಿದೆ. ನಾಲ್ಕು ಪ್ರೈಮರಿ ತುಂಬಿದ ಡಿಸ್ಕಿನಲ್ಲಿ ಹೊಸ ಭಾಗ ಮಾಡಹೊರಟರೆ, ‘ಬೇಸಿಕ್’ ಡಿಸ್ಕನ್ನು ‘ಡೈನಮಿಕ್’ ಡಿಸ್ಕಾಗಿ ಪರಿವರ್ತಿಸಲೇ ಎಂದು ಅದು ಕೇಳುತ್ತದೆ. ಹೌದು ಎಂದವರ ಡಿಸ್ಕಿನಲ್ಲಿ ಆಮೇಲೆ ಲಿನಕ್ಸಿನ ಇನ್‌ಸ್ಟಾಲರಿಗೆ ಮಾಮೂಲಿ ಪಾರ್ಟಿಷನ್‌ಗಳು ಕಾಣುವುದಿಲ್ಲ, ಮತ್ತು ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲೇ ಅದನ್ನು ಬೇಸಿಕ್‌ಗೆ ಹಿಂತಿರುಗಿಸಬೇಕಾದರೆ ಎಲ್ಲ ಭಾಗಗಳನ್ನೂ ಅಳಿಸಬೇಕಾಗುತ್ತದೆ. ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ವರ್ಷಗಟ್ಟಲೆ ಬರೆದ ಪುಸ್ತಕಗಳ ಕಡತಗಳಿವೆ ಎಂಬ ಕಾರಣಕ್ಕೆ ವಿಂಡೋಸನ್ನು ಉಳಿಸಿಕೊಂಡು, ಪಕ್ಕದಲ್ಲಿ ಲಿನಕ್ಸ್ ಹಾಕಬೇಕೆಂದಿದ್ದ ಒಬ್ಬ ಡಿಟಿಪಿ ಕೆಲಸಗಾರರ ಯಂತ್ರದಲ್ಲಿ ಇದೇ ಆಗಿತ್ತು. ಅವರ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಸಾಗಿಸಿ, ಡಿಸ್ಕನ್ನು ಮೊದಲಿನಿಂದ ಕಟ್ಟಲು ನಮಗೆ ಎರಡು ದಿನ ಹಿಡಿಯಿತು. ಆ ಪ್ರಶ್ನೆಗೆ ಇಲ್ಲ ಎನ್ನಿ. ಬದಲಿಗೆ ತಯಾರಕರ ಉಪಕರಣಗಳ ಚಿಕ್ಕ ಭಾಗದ ಪ್ರತಿ ತೆಗೆದು ಅದನ್ನು ಅಳಿಸಿ, ಸಿಕ್ಕ ಸ್ಥಾನದಲ್ಲಿ ಒಂದು ‘ಎಕ್ಸ್‌ಟೆಂಡೆಡ್’ ಪಾರ್ಟಿಷನ್ ಮಾಡಿ, ಅದರೊಳಗೆ ಲಿನಕ್ಸಿನ ಭಾಗಗಳನ್ನು ಮಾಡಬಹುದು. ವಿಂಡೋಸ್ 10 ಇದ್ದು ಫರ್ಮ್‌ವೇರು ಯುಇಎಫ್‌ಐ (ಹಳೆಯ ಬಯೋಸಿನ ಬದಲು ಬಂದ ಹೊಸ ಬಗೆ) ಆಗಿದ್ದರೆ, ಅದರೊಂದಿಗೆ ಬರುವ ‘ಎಂಬಿಆರ್2ಜಿಪಿಟಿ’ ಎಂಬ ಉಪಕರಣ ಕಡತಗಳನ್ನು ಉಳಿಸಿಕೊಂಡೇ ಡಿಸ್ಕನ್ನು ಜಿಪಿಟಿ ಎಂಬ ಹೊಸ ಟೇಬಲ್ ಪದ್ಧತಿಗೆ ಬದಲಿಸುತ್ತದೆ. ಆದರೆ ಅದಕ್ಕೂ ಮೂರಕ್ಕಿಂತ ಹೆಚ್ಚು ಪ್ರೈಮರಿ ಇರಬಾರದು, ಎಕ್ಸ್‌ಟೆಂಡೆಡ್ ಇರಲೇಬಾರದು. ಜಿಪಿಟಿಯಲ್ಲಿ ಸಾಮಾನ್ಯವಾಗಿ 128 ನಮೂದುಗಳಿಗೆ ಜಾಗವಿದೆ, ಟೇಬಲಿನ ಎರಡನೆಯ ಪ್ರತಿ ಡಿಸ್ಕಿನ ಕೊನೆಯಲ್ಲಿರುತ್ತದೆ. ಎಂಬಿಆರಿಗೆ ಅಂಥ ಆಸರೆಯೇ ಇಲ್ಲ.

ಇನ್ನೊಂದು ದೋಷ ಪೆನ್‌ಡ್ರೈವ್ ಬೂಟ್ ಆದ ರೀತಿಯಿಂದ ಬರುತ್ತದೆ. ವಿಂಡೋಸ್ ಯುಇಎಫ್‌ಐ ವಿಧಾನದಲ್ಲಿದ್ದು ಉಬುಂಟು ಪೆನ್‌ಡ್ರೈವ್ ಹಳೆಯ ‘ಲೆಗಸಿ’ ವಿಧಾನದಲ್ಲಿ ಬೂಟ್ ಆಗಿದ್ದರೆ, ಎರಡು ಬೂಟ್‌ಲೋಡರುಗಳು ಒಂದನ್ನೊಂದು ಕಾಣಲಾರವು. ಎರಡೂ ವ್ಯವಸ್ಥೆಗಳಿಗೆ ಹೋಗಲು ಪ್ರತಿ ಸಲವೂ ಬಯೋಸಿನಲ್ಲಿ ವಿಧಾನ ಬದಲಿಸಬೇಕಾಗುತ್ತದೆ. ವಿಂಡೋಸಿನಲ್ಲಿ ‘ಸಿಸ್ಟಮ್ ಇನ್ಫರ್ಮೇಷನ್’ ತೆರೆದು ‘ಬಯೋಸ್ ಮೋಡ್’ ಎಂಬ ಸಾಲನ್ನೂ, ಲಿನಕ್ಸಿನಲ್ಲಿ ‘ಸಿಸ್’ ಕೋಶದ ‘ಫರ್ಮ್‌ವೇರ್’ ಒಳಗೆ ‘ಇಎಫ್‌ಐ’ ಎಂಬ ಕೋಶ ಇದೆಯೇ ಎಂಬುದನ್ನೂ ನೋಡಿದರೆ ನಿಜ ತಿಳಿಯುತ್ತದೆ. ಹಾಗೆಯೇ ಇನ್‌ಸ್ಟಾಲರಿನಲ್ಲಿ ಈಗಾಗಲೇ ಇರುವ ಇಎಫ್‌ಐ ಪಾರ್ಟಿಷನ್ನನ್ನು ಬಳಸಬೇಕೇ ಹೊರತು ಫಾರ್ಮ್ಯಾಟ್ ಮಾಡಬಾರದು. ವಿಂಡೋಸಿನ ಬೂಟ್‌ಲೋಡರು ಇರುವುದೂ 100ರಿಂದ 260 ಎಂಬಿಯಷ್ಟು ದೊಡ್ಡದಾದ ಅದೇ ಫ್ಯಾಟ್32 ಭಾಗದಲ್ಲಿ. ಕೈತಪ್ಪಿ ಫಾರ್ಮ್ಯಾಟ್ ಆಗಿದ್ದರೆ ವಿಂಡೋಸ್ ಪೆನ್‌ಡ್ರೈವಿನ ಕಮಾಂಡ್ ಪ್ರಾಂಪ್ಟಿನಲ್ಲಿ ‘ಬಿಸಿಡಿಬೂಟ್’ ಆಜ್ಞೆ ಆ ಕಡತಗಳನ್ನು ಸಿ ಡ್ರೈವಿನಿಂದ ಮತ್ತೆ ಬರೆದುಕೊಡುತ್ತದೆ. ಇಂಥ ಸಂದರ್ಭದಲ್ಲಿ ‘ಫಿಕ್ಸ್‌ಎಂಬಿಆರ್’ ಹೊಡೆಯಿರಿ ಎಂಬ ಸಲಹೆ ಇನ್ನೂ ಬಾಯಿಂದ ಬಾಯಿಗೆ ಹರಡುತ್ತಿದೆ. ಯುಇಎಫ್‌ಐ ಯಂತ್ರದಲ್ಲಿ ಬೂಟ್ ಆಗುವ ದಾರಿ ಎಂಬಿಆರಿನ ಮೂಲಕ ಹೋಗುವುದೇ ಇಲ್ಲವಾದ್ದರಿಂದ ಆ ಆಜ್ಞೆಯಿಂದ ಏನೂ ಉಪಯೋಗವಿಲ್ಲ.

ಕಪ್ಪು ಪರದೆ, ‘ಗ್ರಬ್’ ಎಂಬ ಒಂದೇ ಪದ

ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಒಂದು ರಾತ್ರಿ ಫೋನ್ ಮಾಡಿದ. “ಮಾಮ, ಲ್ಯಾಪ್‌ಟಾಪ್ ಹೋಯ್ತು. ವಿಂಡೋಸೂ ಬರ್ತಿಲ್ಲ, ಉಬುಂಟೂನೂ ಬರ್ತಿಲ್ಲ. ಫಾರ್ಮ್ಯಾಟ್ ಮಾಡ್ಲಾ?” ಎಂದ. ಏನನ್ನೂ ಮುಟ್ಟಬೇಡ, ಪವರ್ ಆರಿಸಿ ಹಾಗೇ ಇಡು ಎಂದೆ. ಮರುದಿನ ನೋಡಿದಾಗ ಕಪ್ಪು ಪರದೆಯ ಮೇಲೆ ಲಿನಕ್ಸಿನ ಬೂಟ್‌ಲೋಡರಾದ ಗ್ರಬ್ಬಿನ ಆವೃತ್ತಿ ಸಂಖ್ಯೆ, ಕೆಳಗೆ ‘ಗ್ರಬ್’ ಎಂಬ ಪದ, ಮುಂದೆ ಮಿಣುಕುವ ಗುರುತು ಇಷ್ಟೇ ಇತ್ತು.

ಈ ಪರದೆ ಬಂದಿದೆ ಎಂದರೆ ಫರ್ಮ್‌ವೇರು ಸರಿಯಿದೆ, ಇಎಫ್‌ಐ ಪಾರ್ಟಿಷನ್ ಸರಿಯಿದೆ, ಬೂಟ್‌ಲೋಡರು ಕೂಡ ಓಡಿದೆ. ಅದು ಹುಡುಕುತ್ತಿರುವ ಲಿನಕ್ಸ್ ಪಾರ್ಟಿಷನ್ ಮಾತ್ರ ಸಿಗುತ್ತಿಲ್ಲ. ವಿಂಡೋಸ್ ಹೋಗಿದೆ ಎಂಬುದಕ್ಕೆ ಇದರಲ್ಲಿ ಯಾವ ಸುಳಿವೂ ಇಲ್ಲ. ಯಂತ್ರವನ್ನು ಮತ್ತೆ ಚಾಲೂ ಮಾಡಿ ಎಫ್12 ಒತ್ತಿ (ಬೇರೆ ಯಂತ್ರಗಳಲ್ಲಿ ಎಫ್9 ಅಥವಾ ಎಸ್ಕೇಪ್ ಇರಬಹುದು) ಬೂಟ್ ಮೆನುವಿನಲ್ಲಿ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿದಾಗ ವಿಂಡೋಸ್ ಎಂದಿನಂತೆ ತೆರೆದುಕೊಂಡಿತು. ಅವನಿಗೆ ಜೀವ ಬಂದಂತಾಯಿತು. ಆದರೆ ಅವನ ಪ್ರಾಜೆಕ್ಟ್ ವರದಿ ಇದ್ದದ್ದು ಉಬುಂಟುವಿನ ಹೋಮ್ ಕೋಶದಲ್ಲಿ.

ಆಗ ನಡೆದದ್ದನ್ನು ಹೇಳಿದ. ಸಿ ಡ್ರೈವ್ ತುಂಬಿತ್ತು. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಯಾವ ಅಕ್ಷರವೂ ಇಲ್ಲದ, ಹೆಸರೂ ಇಲ್ಲದ 100 ಜಿಬಿಯ ಒಂದು ಭಾಗ ಕಂಡಿತು. ಯಾರಿಗೂ ಬೇಡದ ಜಾಗವೆಂದುಕೊಂಡು ಅಳಿಸಿದ, ಸಿ ಡ್ರೈವಿಗೆ ಸೇರಿಸುವ ಮೊದಲು ಯಂತ್ರವನ್ನು ಮರುಚಾಲನೆ ಮಾಡಿದ. ವಿಂಡೋಸಿಗೆ ಲಿನಕ್ಸಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಓದಲು ಬಾರದಿರುವುದರಿಂದ ಅದು ಅವನಿಗೆ ಅನಾಥ ಜಾಗದಂತೆ ಕಂಡಿತ್ತು. ಸೇರಿಸುವ ಮೊದಲೇ ನಿಂತದ್ದು ಅವನ ಪುಣ್ಯ. ಆ ಜಾಗವನ್ನು ಸಿ ಡ್ರೈವಿಗೆ ಸೇರಿಸಿದ್ದರೆ ವಿಂಡೋಸ್ ಅದರ ಮೇಲೆ ಬರೆಯಲು ಶುರುಮಾಡುತ್ತಿತ್ತು. ಎಸ್‌ಎಸ್‌ಡಿ ಆದ್ದರಿಂದ ಖಾಲಿ ಜಾಗವನ್ನು ‘ಟ್ರಿಮ್’ ಮಾಡಿ, ಹಳೆಯ ದತ್ತಾಂಶವನ್ನು ಮರಳಿ ಪಡೆಯಲಾಗದಂತೆಯೂ ಮಾಡುತ್ತಿತ್ತು. ಪಾರ್ಟಿಷನ್ ಅಳಿಸುವುದೆಂದರೆ ಟೇಬಲಿನಿಂದ 128 ಬೈಟುಗಳ ಒಂದು ನಮೂದನ್ನು ತೆಗೆಯುವುದಷ್ಟೆ; ಒಳಗಿನ 100 ಜಿಬಿ ಇದ್ದಲ್ಲೇ ಇರುತ್ತದೆ.

ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ‘ಟೆಸ್ಟ್‌ಡಿಸ್ಕ್’ ತೆರೆದೆವು. ಟೇಬಲಿನ ಬಗೆಯನ್ನು ‘ಇಎಫ್‌ಐ ಜಿಪಿಟಿ’ ಎಂದು ಆರಿಸಿ, ‘ಅನಲೈಸ್’, ಆಮೇಲೆ ‘ಕ್ವಿಕ್ ಸರ್ಚ್’ ಕೊಟ್ಟಾಗ ಕಳೆದುಹೋಗಿದ್ದ ಲಿನಕ್ಸ್ ಭಾಗ ಪಟ್ಟಿಯಲ್ಲಿ ಕಾಣಿಸಿತು. ಆ ಸಾಲಿನ ಮೇಲೆ ನಿಂತು ‘ಪಿ’ ಒತ್ತಿದರೆ ಒಳಗಿನ ಕೋಶಗಳ ಪಟ್ಟಿ ಬರುತ್ತದೆ. ಹೋಮ್ ಕೋಶ, ಅದರೊಳಗೆ ಅವನ ಹೆಸರು, ಅದರೊಳಗೆ ವರದಿಯ ಕಡತ. ಬೆಲೆಯುಳ್ಳ ಕಡತಗಳನ್ನು ಅಲ್ಲಿಂದಲೇ ‘ಸಿ’ ಒತ್ತಿ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು, ನಾವೂ ಮೊದಲು ಅದನ್ನೇ ಮಾಡಿದೆವು.

ಟೆಸ್ಟ್‌ಡಿಸ್ಕಿನಲ್ಲೇ ‘ರೈಟ್’ ಕೊಟ್ಟರೆ ಅದು ತನಗೆ ಕಂಡ ಭಾಗಗಳಿಂದ ಇಡೀ ಟೇಬಲನ್ನು ಹೊಸದಾಗಿ ಬರೆಯುತ್ತದೆ. ನಾನು ಆ ದಾರಿ ಹಿಡಿಯುವುದಿಲ್ಲ. ವಿಂಡೋಸ್ ಮಾಡಿಕೊಂಡಿರುವ 16 ಎಂಬಿಯ ಕಾಯ್ದಿರಿಸಿದ ಭಾಗದಂಥ, ಫೈಲ್‌ಸಿಸ್ಟಮ್ಮೇ ಇಲ್ಲದ ಭಾಗವನ್ನು ಹೊಸ ಪಟ್ಟಿ ಬಿಟ್ಟುಬಿಡುವ ಸಾಧ್ಯತೆ ಇರುತ್ತದೆ. ಅದಕ್ಕೆ ಬದಲಾಗಿ ಟೆಸ್ಟ್‌ಡಿಸ್ಕ್ ತೋರಿಸಿದ ಆರಂಭದ ಮತ್ತು ಕೊನೆಯ ಸೆಕ್ಟರ್ ಸಂಖ್ಯೆಗಳನ್ನು ಕಾಗದದ ಮೇಲೆ ಬರೆದುಕೊಂಡು, ಏನನ್ನೂ ಬರೆಯದೆ ಹೊರಬಂದೆವು. ಆರಂಭದ ಸಂಖ್ಯೆಯನ್ನು 2048ರಿಂದ ಭಾಗಿಸಿ ಶೇಷ ಉಳಿಯುವುದಿಲ್ಲ ಎಂದು ಖಚಿತಪಡಿಸಿಕೊಂಡೆವು. ಈಗಿನ ಇನ್‌ಸ್ಟಾಲರುಗಳು ಪ್ರತಿ ಭಾಗವನ್ನೂ 1 ಎಂಬಿಯ ಗಡಿಯಲ್ಲೇ ಆರಂಭಿಸುವುದರಿಂದ, 512 ಬೈಟಿನ ಸೆಕ್ಟರುಗಳ ಡಿಸ್ಕಿನಲ್ಲಿ ಶೇಷ ಉಳಿದರೆ ಸಂಖ್ಯೆಯನ್ನು ತಪ್ಪಾಗಿ ಬರೆದುಕೊಂಡಿದ್ದೇವೆ ಎಂದೇ ತಿಳಿಯಬೇಕು. ನಂತರ ‘ಜಿಡಿಸ್ಕ್’ ತೆರೆದು, ‘ಬಿ’ ಒತ್ತಿ ಈಗಿರುವ ಟೇಬಲಿನ ಪ್ರತಿ ಉಳಿಸಿ, ‘ಎನ್’ ಒತ್ತಿ ಅದೇ ಎರಡು ಸಂಖ್ಯೆಗಳನ್ನು ಕೊಟ್ಟು ಒಂದೇ ಒಂದು ಹೊಸ ನಮೂದನ್ನು ಮಾಡಿ, ಬಗೆಯನ್ನು ಲಿನಕ್ಸ್ ಎಂದಿಟ್ಟು, ‘ಡಬ್ಲ್ಯು’ ಒತ್ತಿ ಬರೆದೆವು. ಜಿಡಿಸ್ಕ್ ನಮೂದನ್ನಷ್ಟೇ ಬರೆಯುತ್ತದೆ, ಭಾಗದ ಒಳಗನ್ನು ಫಾರ್ಮ್ಯಾಟ್ ಮಾಡುವುದಿಲ್ಲ. ಇದಾದ ಮೇಲೆ ‘ಇ2ಎಫ್‌ಎಸ್‌ಸಿಕೆ’ಯನ್ನು ಓದಲು ಮಾತ್ರ ಅನುಮತಿಸುವ ‘ಎನ್’ ಆಯ್ಕೆಯೊಂದಿಗೆ ಓಡಿಸಿ ಒಳಗೆ ದೋಷವಿಲ್ಲವೆಂದು ನೋಡಿಕೊಂಡು ಮರುಚಾಲನೆ ಮಾಡಿದೆವು. ಗ್ರಬ್ಬಿನ ಮೆನು ಬಂತು, ಉಬುಂಟು ತೆರೆದುಕೊಂಡಿತು.

ಗ್ರಬ್ಬನ್ನು ಮತ್ತೆ ಇನ್‌ಸ್ಟಾಲ್ ಮಾಡದೆ ಅದು ಸರಿಹೋದದ್ದು ಏಕೆ ಎಂಬುದನ್ನು ತಿಳಿದಿರುವುದು ಒಳ್ಳೆಯದು. ಇಎಫ್‌ಐ ಪಾರ್ಟಿಷನ್ನಿನ ಉಬುಂಟು ಕೋಶದಲ್ಲಿ ಕೆಲವೇ ಸಾಲುಗಳ ಒಂದು ಸೆಟ್ಟಿಂಗ್ ಕಡತವಿದೆ. ಇಂಥ ಯುಯುಐಡಿ (ಪ್ರತಿ ಫೈಲ್‌ಸಿಸ್ಟಮ್ಮಿಗೂ ಬೇರೆಯಾಗಿರುವ ಗುರುತಿನ ಸಂಖ್ಯೆ) ಇರುವ ಫೈಲ್‌ಸಿಸ್ಟಮ್ಮನ್ನು ಹುಡುಕು, ಅದರೊಳಗಿನ ನಿಜವಾದ ಮೆನುವನ್ನು ಓದು ಎಂದಷ್ಟೇ ಅದು ಹೇಳುತ್ತದೆ. ಈ ಯುಯುಐಡಿ ಇರುವುದು ಪಾರ್ಟಿಷನ್ ಟೇಬಲಿನಲ್ಲಲ್ಲ, ಇಎಕ್ಸ್‌ಟಿ4ರ ಒಳಗಿನ ಸೂಪರ್‌ಬ್ಲಾಕಿನಲ್ಲಿ. ಆದ್ದರಿಂದ ನಮೂದು ಅಳಿದು ಮತ್ತೆ ಬಂದರೂ ಗುರುತು ಬದಲಾಗಲಿಲ್ಲ. ಅದೇ ಭಾಗವನ್ನು ಫಾರ್ಮ್ಯಾಟ್ ಮಾಡಿದ್ದರೆ ಹೊಸ ಯುಯುಐಡಿ ಹುಟ್ಟುತ್ತಿತ್ತು.

ಭಾಗ ಇದ್ದೂ ಗ್ರಬ್ಬಿಗೆ ಸಿಗುತ್ತಿಲ್ಲವಾದರೆ ಆ ಕಪ್ಪು ಪರದೆಯಲ್ಲೇ ‘ಎಲ್‌ಎಸ್’ ಕೊಟ್ಟು ಡಿಸ್ಕು ಮತ್ತು ಭಾಗಗಳ ಪಟ್ಟಿ ನೋಡಿ, ಒಂದೊಂದರ ಮುಂದೆಯೂ ‘ಎಲ್‌ಎಸ್’ ಕೊಟ್ಟು ‘ಬೂಟ್’ ಕೋಶ ಎಲ್ಲಿದೆ ಎಂದು ಪತ್ತೆ ಮಾಡಿ. ಸಿಕ್ಕ ಭಾಗವನ್ನು ‘ಸೆಟ್ ರೂಟ್’ ಮೂಲಕ ರೂಟಾಗಿ ಇಟ್ಟು, ಅದರ ‘ಬೂಟ್’ ಒಳಗಿನ ‘ಗ್ರಬ್’ ಕೋಶವನ್ನು ‘ಸೆಟ್ ಪ್ರಿಫಿಕ್ಸ್’ ಮೂಲಕ ಸೂಚಿಸಿ, ‘ಇನ್ಸ್‌ಮಾಡ್ ನಾರ್ಮಲ್’, ನಂತರ ‘ನಾರ್ಮಲ್’ ಎಂದು ಕೊಟ್ಟರೆ ಮೆನು ಬರುತ್ತದೆ. ಇದು ಆ ಒಂದು ಸಲಕ್ಕೆ ಮಾತ್ರ. ಲಿನಕ್ಸ್ ತೆರೆದ ಮೇಲೆ ಗ್ರಬ್ಬನ್ನು ಮತ್ತೆ ಇನ್‌ಸ್ಟಾಲ್ ಮಾಡಿ ಮೆನುವನ್ನು ನವೀಕರಿಸಬೇಕು. ಎಂಬಿಆರ್ ಯಂತ್ರಗಳಲ್ಲಿ ‘ಗ್ರಬ್ ರೆಸ್ಕ್ಯೂ’ ಎಂದು ಬಂದಾಗಲೂ ಇದೇ ಕ್ರಮ.

ಒಂದು ಮಾತ್ರ ಬೂಟ್ ಆಗುವಾಗ

ಗ್ರಬ್ ಕಾಣಿಸಿಕೊಳ್ಳದೆ ನೇರವಾಗಿ ವಿಂಡೋಸ್ ತೆರೆದುಕೊಳ್ಳುತ್ತಿದ್ದರೆ ಬೂಟ್ ಮೆನುವಿನಲ್ಲಿ ‘ಉಬುಂಟು’ ಆರಿಸಿ ನೋಡಿ. ಅದರಿಂದ ಲಿನಕ್ಸ್ ತೆರೆದರೆ ಕೆಟ್ಟಿರುವುದು ಸರದಿ ಮಾತ್ರ. ಲಿನಕ್ಸಿನೊಳಗೆ ‘ಇಎಫ್‌ಐಬೂಟ್‌ಎಂಜಿಆರ್’ ಮೂಲಕ ಅಥವಾ ಬಯೋಸಿನಲ್ಲಿ ಅದನ್ನು ಮೊದಲಿಗೆ ತನ್ನಿ. ಇದಕ್ಕೆ ವ್ಯತಿರಿಕ್ತವಾಗಿ ಗ್ರಬ್ಬಿನ ಮೆನುವಿನಲ್ಲಿ ವಿಂಡೋಸ್ ಹೆಸರೇ ಇಲ್ಲದಿದ್ದರೆ, 2021ರಲ್ಲಿ ಬಂದ ಗ್ರಬ್ 2.06ರಿಂದ ‘ಓಎಸ್ ಪ್ರೋಬರ್’ ಎಂಬ ಹುಡುಕುವ ಭಾಗ ಸುರಕ್ಷತೆಯ ಕಾರಣಕ್ಕೆ ತಾನಾಗಿ ಓಡುವುದಿಲ್ಲ ಎಂಬುದನ್ನು ನೆನೆಯಿರಿ. ಗ್ರಬ್ಬಿನ ಸೆಟ್ಟಿಂಗ್ ಕಡತದಲ್ಲಿ ಅದನ್ನು ನಿಷ್ಕ್ರಿಯಗೊಳಿಸುವ ಸಾಲಿಗೆ ‘ಫಾಲ್ಸ್’ ಎಂದು ಕೊಟ್ಟು ‘ಅಪ್‌ಡೇಟ್ ಗ್ರಬ್’ ಓಡಿಸಿದರೆ ವಿಂಡೋಸ್ ಮೆನುವಿಗೆ ಮರಳುತ್ತದೆ.

ವಿಂಡೋಸ್ ಅಪ್‌ಡೇಟ್ ಆದ ಮರುದಿನ ಲಿನಕ್ಸ್ ಆರಿಸಿದರೆ ‘ಸೆಕ್ಯುರಿಟಿ ಪಾಲಿಸಿ ವಯೊಲೇಷನ್’ ಎಂದು ಬಂದು ಯಂತ್ರ ಆರಿಹೋಗುವುದು ಬೇರೆಯೇ ದೋಷ. ಗ್ರಬ್ಬಿನ ಹಳೆಯ ದುರ್ಬಲ ಆವೃತ್ತಿಗಳನ್ನು ತಡೆಯಲೆಂದು ಆಗಸ್ಟ್ 2024ರ ವಿಂಡೋಸ್ ಅಪ್‌ಡೇಟ್ ‘ಎಸ್‌ಬಿಎಟಿ’ ಎಂಬ ನಿಷೇಧ ಪಟ್ಟಿಯನ್ನು ಫರ್ಮ್‌ವೇರಿಗೆ ಬರೆದಾಗ ಅನೇಕ ಜೋಡಿ ವ್ಯವಸ್ಥೆಗಳ ಯಂತ್ರಗಳಲ್ಲಿ ಇದು ಕಾಣಿಸಿಕೊಂಡಿತು. ಇಲ್ಲಿ ಪಾರ್ಟಿಷನ್‌ಗಳಿಗೆ ಏನೂ ಆಗಿಲ್ಲ, ಅವುಗಳನ್ನು ಮುಟ್ಟಬಾರದು. ಬಿಟ್‌ಲಾಕರ್ ಕೀ ಕೈಯಲ್ಲಿಟ್ಟುಕೊಂಡು ಬಯೋಸಿನಲ್ಲಿ ಸೆಕ್ಯೂರ್ ಬೂಟನ್ನು ನಿಲ್ಲಿಸಿ, ಲಿನಕ್ಸ್ ತೆರೆದು, ಎಲ್ಲ ಪ್ಯಾಕೇಜುಗಳನ್ನೂ ನವೀಕರಿಸಿ, ಮತ್ತೆ ಸೆಕ್ಯೂರ್ ಬೂಟ್ ಚಾಲೂ ಮಾಡಿ ಪರೀಕ್ಷಿಸಿ.

ಲಿನಕ್ಸ್ ಬೂಟ್ ಆಗುತ್ತಾ ಒಂದು ಸಾಲಿನಲ್ಲಿ 1 ನಿಮಿಷ 30 ಸೆಕೆಂಡು ಎಣಿಸುತ್ತಾ ಕುಳಿತು, ಕೊನೆಗೆ ‘ಎಮರ್ಜೆನ್ಸಿ ಮೋಡ್’ಗೆ ಇಳಿದರೆ, ಪಾರ್ಟಿಷನ್ ಬದಲಾವಣೆಯಲ್ಲಿ ಅಳಿದುಹೋದ ದತ್ತಾಂಶದ ಭಾಗವನ್ನು ಅದು ಇನ್ನೂ ಕಾಯುತ್ತಿದೆ ಎಂದರ್ಥ. ‘ಬಿಎಲ್‌ಕೆಐಡಿ’ ತೋರಿಸುವ ಯುಯುಐಡಿಗಳನ್ನು ಬೂಟ್ ಆಗುವಾಗ ತೆರೆಯಬೇಕಾದ ಭಾಗಗಳನ್ನು ಪಟ್ಟಿ ಮಾಡಿರುವ ‘ಎಫ್‌ಎಸ್‌ಟ್ಯಾಬ್’ ಕಡತದ ಸಾಲುಗಳೊಂದಿಗೆ ಹೋಲಿಸಿ, ಈಗ ಇಲ್ಲದಿರುವುದರ ಸಾಲಿನ ಮುಂದೆ ‘#’ ಗುರುತು ಹಾಕಿದರೆ ಸಾಕು.

ಎರಡೂ ಬೂಟ್ ಆಗುತ್ತವೆ, ಆದರೆ ಕಡತಗಳು ಕೈಕೊಡುತ್ತವೆ

ಎರಡೂ ವ್ಯವಸ್ಥೆಗಳಿಂದ ಬಳಸಲೆಂದು ಮಾಡಿಕೊಂಡ ಡಿ ಡ್ರೈವನ್ನು ಲಿನಕ್ಸ್ ಓದಲು ಮಾತ್ರ ಬಿಡುತ್ತದೆ, ಇಲ್ಲವೇ ತೆರೆಯಲೇ ನಿರಾಕರಿಸುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಲಿನಕ್ಸಿನಿಂದ ಡಿ ಡ್ರೈವಿಗೆ ಹಾಕಿದ ಕಡತ ವಿಂಡೋಸಿನಲ್ಲಿ ಕಾಣುವುದೇ ಇಲ್ಲ. ವಿಂಡೋಸ್ 8ರಿಂದ, ಅಂದರೆ 2012ರಿಂದ, ಬಂದಿರುವ ‘ಫಾಸ್ಟ್ ಸ್ಟಾರ್ಟಪ್’ ಇದಕ್ಕೆ ಮೂಲ. ಷಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ತನ್ನ ಕರ್ನಲಿನ ಸ್ಥಿತಿಯನ್ನು ಹೈಬರ್ನೇಷನ್ ಕಡತಕ್ಕೆ ಬರೆದು ಮಲಗುತ್ತದೆ, ಡ್ರೈವುಗಳ ಬಗ್ಗೆ ತನಗಿದ್ದ ಹಳೆಯ ತಿಳಿವಳಿಕೆಯನ್ನೂ ಹಾಗೇ ಇಟ್ಟುಕೊಂಡಿರುತ್ತದೆ. ನಡುವೆ ಲಿನಕ್ಸ್ ಮಾಡಿದ ಬದಲಾವಣೆ ಅದಕ್ಕೆ ಗೊತ್ತಿರುವುದಿಲ್ಲವಾದ್ದರಿಂದ, ಎದ್ದ ಮೇಲೆ ಹಳೆಯದನ್ನೇ ನಂಬಿ ಅದರ ಮೇಲೆ ಬರೆಯುತ್ತದೆ.

ಇದೇ ಕಾರಣವೇ ಎಂದು ತಿಳಿಯಲು ಸುಲಭದ ಪರೀಕ್ಷೆಯಿದೆ. ಫಾಸ್ಟ್ ಸ್ಟಾರ್ಟಪ್ ಕೆಲಸ ಮಾಡುವುದು ಷಟ್‌ಡೌನಿನಲ್ಲಿ ಮಾತ್ರ, ರೀಸ್ಟಾರ್ಟಿನಲ್ಲಿ ಅಲ್ಲ. ವಿಂಡೋಸಿನಿಂದ ರೀಸ್ಟಾರ್ಟ್ ಕೊಟ್ಟು ಲಿನಕ್ಸಿಗೆ ಬಂದಾಗ ಡಿ ಡ್ರೈವ್ ಸರಿಯಾಗಿ ತೆರೆದು, ಷಟ್‌ಡೌನ್ ಕೊಟ್ಟು ಬಂದಾಗ ತೆರೆಯದಿದ್ದರೆ ದೋಷ ಸಿಕ್ಕಂತೆಯೇ. ಕಂಟ್ರೋಲ್ ಪ್ಯಾನೆಲಿನ ಪವರ್ ಆಪ್ಷನ್ಸ್ ಒಳಗೆ ಪವರ್ ಗುಂಡಿಗಳ ವಿಭಾಗಕ್ಕೆ ಹೋಗಿ ಫಾಸ್ಟ್ ಸ್ಟಾರ್ಟಪ್ ಗುರುತನ್ನು ತೆಗೆಯಿರಿ, ದೊಡ್ಡ ಅಪ್‌ಡೇಟ್ ಆದ ನಂತರ ಅದು ತೆಗೆದಂತೆಯೇ ಇದೆಯೇ ಎಂದು ಮತ್ತೊಮ್ಮೆ ನೋಡಿ. ಹೈಬರ್ನೇಷನ್ ಕಡತವನ್ನು ಅಳಿಸಿ ಬಲವಂತವಾಗಿ ಡ್ರೈವ್ ತೆರೆಯುವ ಆಯ್ಕೆಯೊಂದು ಲಿನಕ್ಸಿನಲ್ಲಿದೆ. ವಿಂಡೋಸಿನಲ್ಲಿ ಉಳಿಸದ ಕೆಲಸವೇನಾದರೂ ಇದ್ದರೆ ಅದನ್ನು ಬಳಸಿದ ಕೂಡಲೇ ಹೋಗುತ್ತದೆ, ಆದ್ದರಿಂದ ಅದನ್ನು ಬಳಸದಿರುವುದೇ ಸರಿ.

ಇನ್ನು ಗಡಿಯಾರ. ಲಿನಕ್ಸ್ ಬಳಸಿ ವಿಂಡೋಸಿಗೆ ಬಂದಾಗ ಸಮಯ ಸರಿಯಾಗಿ ಐದೂವರೆ ಗಂಟೆ ಹಿಂದಿದ್ದರೆ ಮದರ್‌ಬೋರ್ಡಿನ ಬ್ಯಾಟರಿ ಬದಲಿಸುವ ಅಗತ್ಯವಿಲ್ಲ. ಲಿನಕ್ಸ್ ಯಂತ್ರದ ಗಡಿಯಾರವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಭಾರತೀಯ ಕಾಲಮಾನ ಯುಟಿಸಿಗಿಂತ ಅಷ್ಟೇ ಮುಂದಿದೆ. ಬ್ಯಾಟರಿ ಸೋತಿದ್ದರೆ ವ್ಯತ್ಯಾಸ ಹೀಗೆ ಪ್ರತಿ ಸಲವೂ ಒಂದೇ ಆಗಿರುವುದಿಲ್ಲ. ಲಿನಕ್ಸಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆಜ್ಞೆಯ ‘ಸೆಟ್ ಲೋಕಲ್ ಆರ್‌ಟಿಸಿ’ ಆಯ್ಕೆಗೆ 1 ಎಂದು ಕೊಟ್ಟು, ಒಮ್ಮೆ ವಿಂಡೋಸಿಗೆ ಹೋಗಿ ಸಮಯ ಸರಿಪಡಿಸಿ, ಎರಡೂ ಕಡೆ ಒಂದೊಂದು ಸಲ ಬೂಟ್ ಮಾಡಿ ನೋಡಿ.